ಓಟಗಾರನಿಗೆ ಭಾರವೇಕೆ?

“ಓಡುವವನು ಓಡಿದರೆ ಸಾಲದೆ? ಗರಡಿಯವರಂತೆ ಭಾರವನ್ನೇಕೆ ಎತ್ತಬೇಕು?” ಎಂದು ಗೆಳೆಯರು ನನ್ನನ್ನು ಕೇಳುವುದುಂಟು. ಹಿಂದೆ ನಾನೂ ಹೀಗೆಯೇ ಕೇಳುತ್ತಿದ್ದೆ. ಪೆಟ್ಟು ತಿಂದ ಮೇಲೆ ತಿಳಿದುಕೊಂಡ ನಾಲ್ಕು ಮಾತುಗಳನ್ನು ಕಿರಿಯ ಕ್ರೀಡಾಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಅದನ್ನು ತಾಳುವ ಬಲವಿಲ್ಲದಿದ್ದರೆ ಓಟವೇ ಕಾಲನ್ನು ಕೆಡಿಸುತ್ತದೆ. ಆದುದರಿಂದ ಓಟಗಾರನಿಗೂ ಭಾರ ಬೇಕು. ಆದರೆ ಅದಕ್ಕೊಂದು ಕ್ರಮವಿರಬೇಕು.

ಕ್ರಿ.ಪೂ. 6ನೆಯ ಶತಮಾನದಲ್ಲಿ ಕ್ರೋಟನ್ ನಗರದ ಮೈಲೋ ಎಂಬ ಮಲ್ಲನಿದ್ದನು. ಎಳೆಗರುವೊಂದನ್ನು ದಿನವೂ ಹೊತ್ತು, ಅದು ಹೋರಿಯಾದಾಗಲೂ ಹೊರಬಲ್ಲವನಾದನೆಂದು ಕಥೆಯಿದೆ. ಕಥೆ ಉತ್ಪ್ರೇಕ್ಷೆಯಾದರೂ ತಿರುಳು ಸತ್ಯ: ಭಾರವು ಮೆಲ್ಲಮೆಲ್ಲನೆ ಏರಬೇಕು. 1940ರ ದಶಕದಲ್ಲಿ ಅಮೆರಿಕದ ಸೇನಾವೈದ್ಯ ಥಾಮಸ್ ಡಿಲಾರ್ಮ್ ಗಾಯಗೊಂಡ ಸೈನಿಕರ ಸ್ನಾಯುಗಳನ್ನು ಬಲಪಡಿಸಿದುದು ಇದೇ ತತ್ತ್ವದಿಂದ.

ವ್ಯಾಯಾಮದ ಹೊತ್ತಿನಲ್ಲಿ ಸ್ನಾಯು ದಣಿಯುತ್ತದೆ. ಬಲ ಕೂಡುವುದು ಅನ್ನ, ನಿದ್ರೆ, ವಿಶ್ರಾಂತಿಗಳಲ್ಲಿ. ಮೊದಲ ಕೆಲವು ವಾರಗಳಲ್ಲಿ ಕಾಣುವ ಏಳಿಗೆಯು ಬಹುಮಟ್ಟಿಗೆ ನರಗಳದ್ದು. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಲು ಅವು ಕಲಿಯುತ್ತವೆ. ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಶಕ್ತಿ ಬಂದಿತೆಂದು ಅವಸರಪಟ್ಟವನಿಗೆ ಮೊಣಕಾಲು ಮೊದಲು ದೂರು ಹೇಳುತ್ತದೆ.

ನನ್ನ ಗತಿಯೂ ಅದೇ ಆಯಿತು. ಕಳೆದ ವರ್ಷ ಅಂತರಕಾಲೇಜು ಪಂದ್ಯಕ್ಕೆ ಮೂರು ವಾರಗಳಿರುವಾಗ ದಿನಕ್ಕೆ 300 ಬಸ್ಕಿ ಹೊಡೆಯತೊಡಗಿದೆ. 800 ಮೀಟರ್ ಓಟದ ದಿನ ನಾನು ಗೆಳೆಯರ ಬಟ್ಟೆ ಕಾಯುತ್ತ ಕುಳಿತಿದ್ದೆ.

ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ತಂದೆಯವರು ಮೂಟೆ ಹೊರುವ ಹಮಾಲರು. “ಹೊತ್ತರೆ ಬಲ ಬರುವುದಾದರೆ ನನ್ನ ಬೆನ್ನೇಕೆ ಬಾಗಿತು?” ಎಂದು ಅವರು ಕೇಳಿದರು. ಬಹಳ ದಿನ ಯೋಚಿಸಿದೆ. ಮೂಟೆಯ ತೂಕವನ್ನು ಹೊರುವವನು ನಿಶ್ಚಯಿಸುವುದಿಲ್ಲ; ಬಿಡುವಿನ ದಿನವೂ ಅವನ ಕೈಯಲ್ಲಿಲ್ಲ. ತರಬೇತಿಯಲ್ಲಿ ಇವೆರಡೂ ನಮ್ಮ ಕೈಯಲ್ಲಿವೆ. ದುಡಿಮೆಗೂ ತರಬೇತಿಗೂ ಇರುವ ಅಂತರ ಇದೇ.

ಈ ವರ್ಷ ನಾನು ಅನುಸರಿಸಿದ ಕ್ರಮ ಹೀಗಿದೆ. ಭಾರದ ಕೆಲಸ ವಾರಕ್ಕೆ ಎರಡೇ ದಿನ. ನಡುವೆ ಕಡಮೆಯೆಂದರೆ 48 ಗಂಟೆಗಳ ಬಿಡುವು. ಮೊದಲು 10 ನಿಮಿಷ ಮೆಲ್ಲಗೆ ಓಡಿ ಮೈ ಬೆಚ್ಚಗಾಗಿಸಿಕೊಳ್ಳುವುದು. ಬಳಿಕ ಬಸ್ಕಿ, ದಂಡ, ಮೆಟ್ಟಿಲು ಹತ್ತುವಿಕೆ, ಹಿಮ್ಮಡಿ ಎತ್ತಿ ನಿಲ್ಲುವುದು—ತಲಾ 10ರಂತೆ 3 ಸುತ್ತು. ದಂಡವೊಂದನ್ನುಳಿದು ಮಿಕ್ಕವಕ್ಕೆ ಹೆಗಲ ಮೇಲೆ 10 ಕಿಲೋ ಮರಳಿನ ಚೀಲ. ಮೂರು ಸುತ್ತುಗಳನ್ನೂ ಬೆನ್ನು ಬಾಗದೆ ಮುಗಿಸಿದರೆ ಮಾತ್ರ ಮುಂದಿನ ವಾರ 1 ಕಿಲೋ ಹೆಚ್ಚು. ಇನ್ನೆರಡು ಸಲ ಮಾಡಬಲ್ಲೆನೆನ್ನಿಸುವಾಗಲೇ ನಿಲ್ಲಿಸತಕ್ಕದ್ದು. ಪಂದ್ಯದ ವಾರ ಎಲ್ಲವೂ ಅರ್ಧ. ಊಟಕ್ಕೆ ಮುದ್ದೆಯೊಡನೆ ಹುರುಳಿ, ಕಡಲೆಕಾಯಿ, ಸಾಧ್ಯವಾದರೆ ಮೊಟ್ಟೆ. ನೋವು ಮುಂದುವರಿದರೆ ಸಹಿಸಿಕೊಳ್ಳದೆ ವೈದ್ಯರಲ್ಲಿಗೆ ಹೋಗಬೇಕು.

ಮೊದಲ ದಿನ ತಂದೆಯವರು ಚೀಲವನ್ನೆತ್ತಿ ನೋಡಿ, “ಇಷ್ಟೇಯೇ?” ಎಂದು ನಕ್ಕಿದ್ದರು. ಈ ವರ್ಷ ನಾನು ಓಡಿದೆ, ನಾಲ್ಕನೆಯವನಾದೆ. ಪದಕ ದೊರೆಯಲಿಲ್ಲ, ಮೊಣಕಾಲೂ ನೋಯಲಿಲ್ಲ. ನನಗಿದು ಕಡೆಯ ವರ್ಷ. ನಿಮಗಿನ್ನೂ ಕಾಲವಿದೆ, ಪಂದ್ಯಕ್ಕೆ ಮೂರು ವಾರವಿರುವಾಗಲ್ಲ, ಜೂನ್ ತಿಂಗಳಲ್ಲಿಯೇ ಆರಂಭಿಸಿರಿ.