12 ವರ್ಷ ಬಾಡಿಗೆಗಿದ್ದರೆ ಮನೆ ನಿಮ್ಮದಾಗುತ್ತದೆಯೇ?

"ಒಂದೇ ಮನೆಯಲ್ಲಿ 12 ವರ್ಷ ಬಾಡಿಗೆಗಿದ್ದರೆ ಮನೆ ಬಾಡಿಗೆದಾರರ ಪಾಲಾಗುತ್ತದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಹರಿದಾಡುತ್ತದೆ. ಇದು ತಪ್ಪು.

12 ವರ್ಷದ ಲೆಕ್ಕ ಬಂದಿರುವುದು 1963ರ ಕಾಲಮಿತಿ ಕಾಯ್ದೆಯಿಂದ. ಮಾಲೀಕರ ಹಕ್ಕನ್ನೇ ಒಪ್ಪದೆ, ಎಲ್ಲರಿಗೂ ಗೊತ್ತಾಗುವಂತೆ, ಎಡೆಬಿಡದೆ 12 ವರ್ಷ ಅವರ ಆಸ್ತಿಯಲ್ಲಿದ್ದರೆ, ಅದನ್ನು ಮರಳಿ ಕೇಳುವ ಹಕ್ಕನ್ನು ಮಾಲೀಕರು ಕಳೆದುಕೊಳ್ಳಬಹುದು. ಇದಕ್ಕೆ 'ಪ್ರತಿಕೂಲ ಸ್ವಾಧೀನ' ಎನ್ನುತ್ತಾರೆ.

ಬಾಡಿಗೆದಾರರು ಇರುವುದು ಮಾಲೀಕರ ಒಪ್ಪಿಗೆಯಿಂದ. ಬಾಡಿಗೆ ಕೊಟ್ಟಾಗಲೆಲ್ಲ "ಮನೆ ನಿಮ್ಮದು" ಎಂದು ಒಪ್ಪಿದಂತೆಯೇ. ಕಂದಿಕೆರೆಯಲ್ಲಿ ತೆಂಗಿನ ಫಸಲನ್ನು ಗುತ್ತಿಗೆ ಹಿಡಿದವರು ಎಷ್ಟು ವರ್ಷ ಕಾಯಿ ಕೀಳಿಸಿದರೂ ತೋಟ ಅವರದ್ದಾಗುವುದಿಲ್ಲವಲ್ಲ, ಹಾಗೆ.

ಹಾಗಾದರೆ 11 ತಿಂಗಳ ಕರಾರು ಯಾಕೆ? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳು. 12 ವರ್ಷಕ್ಕೂ ಇದಕ್ಕೂ ಸಂಬಂಧವಿಲ್ಲ.

ಈ ಸುಳ್ಳಿನಿಂದ ನಷ್ಟ ಯಾರಿಗೆ? ಮೈಸೂರಿನ ಅರಮನೆ, ದೇವರಾಜ ಮಾರುಕಟ್ಟೆಯ ಸುತ್ತ ದಸರೆಗೆ ಪ್ರವಾಸಿಗರು ತುಂಬುತ್ತಾರೆ. ಅಂಥ ಕಡೆ ಕೈಗೆಟುಕುವ ಬಾಡಿಗೆಗೆ ಮನೆ ಸಿಗುವುದೇ ಕಷ್ಟ. ಮಕ್ಕಳ ಓದಿಗೆಂದು ಊರಿನಿಂದ ಬಂದು ಸರಿಯಾಗಿ ಬಾಡಿಗೆ ಕಟ್ಟುವ ಕುಟುಂಬವನ್ನು ಮಾಲೀಕರು ಬರೀ ಭಯಕ್ಕೆ ಖಾಲಿ ಮಾಡಿಸಿದರೆ, ಅವರಿಗೆ ಮತ್ತೆ ಅಡ್ವಾನ್ಸ್, ಸಾಗಣೆ, ಶಾಲೆಯ ತಾಪತ್ರಯ.

ಇಬ್ಬರಿಗೂ ಇರುವ ದಾರಿ ಒಂದೇ: ಕರಾರು ಬರವಣಿಗೆಯಲ್ಲಿರಲಿ, ಅವಧಿ ಮುಗಿದಾಗ ನವೀಕರಿಸಿ, ಅಡ್ವಾನ್ಸ್‌ಗೆ ರಸೀದಿ ಪಡೆಯಿರಿ, ಬಾಡಿಗೆಯನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕ ಕೊಡಿ. ಆ ಸಂದೇಶ ನಿಮಗೂ ಬಂದರೆ ಮುಂದಕ್ಕೆ ಕಳಿಸಬೇಡಿ.