ಹಲ್ಲು ಕೀಳಿಸುವ ಮುನ್ನ

ಹಲ್ಲುನೋವು ಬಂದರೆ ನಮ್ಮ ಮನೆಗಳಲ್ಲಿ ಮೊದಲು ಹುಡುಕುವುದು ಲವಂಗವನ್ನು. ಅದಕ್ಕೆ ಬಗ್ಗದಿದ್ದರೆ ಔಷಧದ ಅಂಗಡಿಯಿಂದ ತಂದ ಒಂದು ಮಾತ್ರೆ. ಅದಕ್ಕೂ ಬಗ್ಗದಿದ್ದರೆ 'ಕೀಳಿಸಿಯೇಬಿಡೋಣ' ಎಂಬ ತೀರ್ಮಾನ. ಉಳಿಸಿಕೊಳ್ಳಬಹುದಾಗಿದ್ದ ಎಷ್ಟೋ ಹಲ್ಲುಗಳನ್ನು ನಾವು ಹೀಗೆ ಕಳೆದುಕೊಳ್ಳುತ್ತೇವೆ. ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಬೇಕಾಗಿ ಬಂದಾಗ ಮಾತ್ರ ಹೋದ ದವಡೆ ಹಲ್ಲಿನ ಬೆಲೆ ನೆನಪಾಗುವುದು.

ಹಲ್ಲಿನ ಹೊರಕವಚವಾದ ಎನಾಮೆಲ್ ನಮ್ಮ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ಆದರೆ ಅದರಲ್ಲಿ ನರಗಳಿಲ್ಲ. ಬಾಯಲ್ಲಿ ಉಳಿದ ಸಿಹಿಯನ್ನು ಸೂಕ್ಷ್ಮಾಣುಗಳು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಕವಚವನ್ನು ಕರಗಿಸುತ್ತಿದ್ದರೂ ನಮಗೆ ತಿಳಿಯುವುದಿಲ್ಲ. ಹುಳುಕು ಹಲ್ಲು ಎನ್ನುತ್ತೇವಾದರೂ ಅಲ್ಲಿ ಹುಳುವೇನೂ ಇರುವುದಿಲ್ಲ. ಹೊಗೆ ಹಾಕಿ ಹುಳು ತೆಗೆದೆವೆಂದು ತೋರಿಸುವವರ ಕೈಚಳಕವನ್ನು ನಂಬತಕ್ಕದ್ದಲ್ಲ. ಕುಳಿಯು ಒಳಪದರಕ್ಕೆ ಇಳಿದಾಗ ತಣ್ಣೀರು, ಸಿಹಿ ತಗುಲಿ 'ಜುಮ್' ಎನ್ನುತ್ತದೆ. ಈ ಹಂತದಲ್ಲಿ ದಂತವೈದ್ಯರಲ್ಲಿಗೆ ಹೋದರೆ ಸಾಮಾನ್ಯವಾಗಿ ಒಂದೇ ಭೇಟಿಯಲ್ಲಿ ಕುಳಿಯನ್ನು ತುಂಬಿಸಿಕೊಂಡು ಬರಬಹುದು.

ತಡಮಾಡಿದರೆ ಸೋಂಕು ನರ ಹಾಗೂ ರಕ್ತನಾಳಗಳಿರುವ ಮೃದುವಾದ ತಿರುಳನ್ನು ಮುಟ್ಟುತ್ತದೆ. ರಾತ್ರಿಯೆಲ್ಲ ನಿದ್ರೆಗೆಡಿಸುವ ನೋವು ಆಗಿನದು. ಕೆಲವು ದಿನಗಳ ನಂತರ ಆ ನೋವು ತಾನಾಗಿಯೇ ನಿಂತುಬಿಡುವುದುಂಟು. 'ವಾಸಿಯಾಯಿತು' ಎಂದು ಮನೆಮಂದಿಯೆಲ್ಲ ನೆಮ್ಮದಿಗೊಳ್ಳುವರು. ನಮ್ಮ ಎಣಿಕೆಯಲ್ಲಿ ಎಲ್ಲಕ್ಕಿಂತ ಮೋಸದ ಗಳಿಗೆ ಇದೇ. ನೋವು ನಿಂತದ್ದು ರೋಗ ಹೋದುದರಿಂದಲ್ಲ, ನೋವನ್ನು ತಿಳಿಸುತ್ತಿದ್ದ ನರವೇ ಸತ್ತುದರಿಂದ. ಸೋಂಕು ಮಾತ್ರ ಬೇರಿನ ತುದಿಗಿಳಿದು ಕೀವು ಕಟ್ಟುತ್ತದೆ. ಸತ್ತ ತಿರುಳಿಗೆ ರಕ್ತಸಂಚಾರವಿಲ್ಲದ ಕಾರಣ ನುಂಗಿದ ಮಾತ್ರೆಯ ಔಷಧವು ಅಲ್ಲಿಗೆ ತಲುಪುವುದೂ ಇಲ್ಲ. ದವಡೆಯ ಕೆಳಗೆ ಬಾವು ಬಂದು, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗುವವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಅದು ಪ್ರಾಣಾಪಾಯದ ಸೂಚನೆ.

ಇಂತಹ ಹಲ್ಲನ್ನು ಉಳಿಸುವ ಚಿಕಿತ್ಸೆಯೇ ರೂಟ್ ಕೆನಾಲ್. ಚಿಕಿತ್ಸೆಗಿಂತ ಅದರ ಹೆಸರಿನ ಭಯವೇ ಜನರಲ್ಲಿ ದೊಡ್ಡದು! ಚುಚ್ಚುಮದ್ದಿನಿಂದ ಆ ಭಾಗವನ್ನು ಮರಗಟ್ಟಿಸಿ, ಹಲ್ಲಿನ ಮೇಲ್ಭಾಗದಲ್ಲಿ ಸಣ್ಣ ದಾರಿ ಮಾಡಿ, ಕೂದಲೆಳೆಯಂತಹ ಸಲಾಕೆಗಳಿಂದ ಬೇರಿನೊಳಗಿನ ನಾಳಗಳನ್ನು ಶುಚಿಗೊಳಿಸುವರು. ಬಳಿಕ ಮರದ ಹಾಲಿನಿಂದ ದೊರೆಯುವ ಗಟ್ಟಾಪರ್ಚಾ ಎಂಬ ರಬ್ಬರಿನಂತಹ ಪದಾರ್ಥವನ್ನು ತುಂಬಿ ಮುಚ್ಚುವರು. ಒಂದೆರಡು ಭೇಟಿಗಳಲ್ಲಿ, ಕೆಲವೊಮ್ಮೆ ಮೂರರಲ್ಲಿ, ಕೆಲಸ ಮುಗಿಯುತ್ತದೆ. ಆದರೆ ನೋವು ಹೋಯಿತಲ್ಲ ಎಂದು ಅನೇಕರು ಕ್ಯಾಪ್ ಹಾಕಿಸದೆ ಬಿಡುವರು. ಬಲಗುಂದಿದ ದವಡೆ ಹಲ್ಲು ಮುಂದೊಂದು ದಿನ ಕಡಲೆ ಕಡಿಯುವಾಗ ಸೀಳಿದರೆ, ವೆಚ್ಚ ಮಾಡಿದ ಹಣವೂ ಹೋಯಿತು, ಹಲ್ಲೂ ಹೋಯಿತು.

ಕೀಳಿಸುವುದು ಅಗ್ಗವೆಂಬುದು ಅಂದಿನ ಮಟ್ಟಿಗೆ ನಿಜ. ಆದರೆ ತೆರವಾದ ಜಾಗಕ್ಕೆ ಅಕ್ಕಪಕ್ಕದ ಹಲ್ಲುಗಳು ವಾಲುತ್ತವೆ; ಎದುರಿನ ಹಲ್ಲು ತನ್ನ ಜಾಗ ಬಿಟ್ಟು ಹೊರಬರುತ್ತದೆ. ಬ್ರಿಡ್ಜ್ ಅಥವಾ ಇಂಪ್ಲಾಂಟ್ ಹಾಕಿಸುವ ಹೊತ್ತಿಗೆ ಉಳಿತಾಯವೆಲ್ಲ ಕರಗಿರುತ್ತದೆ. ಖರ್ಚಿನ ಚಿಂತೆಯುಳ್ಳವರು ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸುವುದು ಲೇಸು. ಬೆಂಗಳೂರಿನ ಸರಕಾರಿ ಕಾಲೇಜಲ್ಲದೆ ದಾವಣಗೆರೆ, ಬೆಳಗಾವಿ, ಮೈಸೂರು, ಧಾರವಾಡಗಳಲ್ಲಿಯೂ ಇಂತಹ ಕಾಲೇಜುಗಳಿವೆ.

ಬೇರೆ ದಾರಿಯಿಲ್ಲದೆ ಕೀಳಿಸಲೇಬೇಕಾದಾಗ, ಮೇಲ್ದವಡೆಯ ಹಲ್ಲು ಕಿತ್ತರೆ ಕಣ್ಣು ಮಂದವಾಗುವುದೆಂದು ಅಂಜಬೇಕಾಗಿಲ್ಲ. ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ಸಕ್ಕರೆ ಕಾಯಿಲೆಯಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಕಿತ್ತ ದಿನ ಪದೇಪದೇ ಉಗುಳುವುದು, ಬಾಯಿ ಮುಕ್ಕಳಿಸುವುದು, ಬೀಡಿ ಸಿಗರೇಟು ಸೇದುವುದು ಸಲ್ಲದು. ಗಾಯದ ಮೇಲೆ ಹೆಪ್ಪುಗಟ್ಟಿದ ರಕ್ತವೇ ಅದರ ರಕ್ಷಣೆ.

ಹಲ್ಲು ಸ್ವಚ್ಛ ಮಾಡಿಸಿದರೆ ಅಲುಗಾಡುವುವೆಂಬ ದೂರೂ ಉಂಟು. ವಸಡನ್ನು ಕೊರೆಯುತ್ತಿದ್ದ ಕಿಟ್ಟವನ್ನು ತೆಗೆದಾಗ ಅದು ಮುಚ್ಚಿದ್ದ ಸಂದು ಕಾಣುತ್ತದೆ, ಅಷ್ಟೆ. ಉಜ್ಜುವಾಗ ರಕ್ತ ಬಂದರೆ ಉಜ್ಜುವುದನ್ನು ಬಿಡದೆ ವೈದ್ಯರಿಗೆ ತೋರಿಸಬೇಕು. ಇಟ್ಟಿಗೆ ಪುಡಿ, ಇದ್ದಿಲು ಕವಚವನ್ನು ಸವೆಸುತ್ತವೆ. ಹೊಗೆಸೊಪ್ಪಿನ ಪುಡಿಯಂತೂ ಕ್ಯಾನ್ಸರಿಗೆ ದಾರಿ.

ತಾಯಂದಿರಿಗೆ ಒಂದು ಮಾತು. ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಸದ್ದಿಲ್ಲದೆ ಮೂಡುತ್ತದೆ. ಯಾವ ಹಲ್ಲೂ ಬಿದ್ದು ಅದು ಬಂದುದಲ್ಲವಾದ್ದರಿಂದ ಅದನ್ನೂ ಹಾಲುಹಲ್ಲೆಂದೇ ಬಗೆದು, ಹುಳುಕಾದರೂ 'ಬಿದ್ದುಹೋಗುತ್ತದೆ ಬಿಡು' ಎನ್ನುವುದುಂಟು. ಅದು ಶಾಶ್ವತ ಹಲ್ಲು. ಬಿದ್ದರೆ ಇನ್ನೊಂದು ಬಾರದು. ಮಗುವಿನ ಬಾಯನ್ನು ಬೆಳಕಿಗೆ ಹಿಡಿದು ಅದು ಮೂಡಿದೆಯೇ ಎಂದು ನೋಡಿ, ರಾತ್ರಿ ಮಲಗುವ ಮುನ್ನ ಕಡಲೆಕಾಳಿನಷ್ಟು ಪೇಸ್ಟಿನಿಂದ ತಾವೇ ಉಜ್ಜಿಸಿರಿ.