ಉಪ್ಪಿನ ದಾರಿ ಹಿಡಿದವನು ಕಂದಾಯದ ಬಾಗಿಲಲ್ಲಿ ಬಿದ್ದ

ದಂಡಿಗೆ ಗಾಂಧೀಜಿಯವರ ಜೊತೆ ಹೊರಟ 78 ಸತ್ಯಾಗ್ರಹಿಗಳ ಪಟ್ಟಿಯಲ್ಲಿ ಕರ್ನಾಟಕದ್ದು ಒಂದೇ ಹೆಸರು: ಮಹಾದೇವ ಮಾರ್ತಾಂಡ. ವಯಸ್ಸು 18. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮಾರ್ತಾಂಡಪ್ಪ, ಬಸಮ್ಮ ದಂಪತಿಯ ಮಗ. ನಾವು ಇಂದು ಮೈಲಾರ ಮಹಾದೇವಪ್ಪ ಎಂದು ನೆನೆಯುವುದು ಇದೇ ಹುಡುಗನನ್ನು.

1930ರ ಮಾರ್ಚ್ 12ರಂದು ಸಬರಮತಿಯಿಂದ ಹೊರಟ ಆ ನಡಿಗೆ ಸುಮಾರು 385 ಕಿಲೋಮೀಟರ್ ಸಾಗಿ ಕಡಲು ಮುಟ್ಟಿತು. ಏಪ್ರಿಲ್ 6ರ ಬೆಳಿಗ್ಗೆ ಗಾಂಧೀಜಿ ಉಪ್ಪು ಎತ್ತಿದರು. ಗಂಜಿಗೆ ಹಾಕುವ ಚಿಟಿಕೆ ಉಪ್ಪಿಗೂ ಸರ್ಕಾರಕ್ಕೆ ತೆರಿಗೆ ಕಟ್ಟಬೇಕೇ? ಮಹಾದೇವ ಆ ಪ್ರಶ್ನೆಯನ್ನು ಮುಂದೆಂದೂ ಕೈಬಿಡಲಿಲ್ಲ. ಸೆರೆವಾಸ ಅನುಭವಿಸಿದರು. ಪತ್ನಿ ಸಿದ್ದಮ್ಮ ಕೂಡ ಸಬರಮತಿಗೆ ಹೋಗಿ, ಚಳವಳಿಗೆ ಇಳಿದು ಜೈಲು ಕಂಡರು. ಊರ ಕಡೆ ಮರಳಿದ ಮೇಲೆ ಮಹಾದೇವಪ್ಪನವರು ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ, ಖಾದಿ ಮತ್ತು ಗ್ರಾಮಸೇವೆಯಲ್ಲಿ ತೊಡಗಿದರು.

ಆ ಶಾಂತ ಬದುಕನ್ನು 1942 ಕದಡಿತು. ಆಗಸ್ಟ್ 8ರಂದು ಮುಂಬಯಿಯಲ್ಲಿ ‘ಕ್ವಿಟ್ ಇಂಡಿಯಾ’ ನಿರ್ಣಯವಾಯಿತು. ಬೆಳಗಾಗುವಷ್ಟರಲ್ಲಿ ಗಾಂಧೀಜಿ ಸೇರಿದಂತೆ ದೊಡ್ಡ ನಾಯಕರೆಲ್ಲ ಬಂಧನದಲ್ಲಿದ್ದರು. ದಾರಿ ತೋರುವವರಿಲ್ಲದ ಆ ದಿನಗಳಲ್ಲಿ ಹಳ್ಳಿಗಳ ತರುಣರೇ ತಮ್ಮ ದಾರಿ ಆರಿಸಿಕೊಂಡರು. ಮಹಾದೇವಪ್ಪನವರು ತಂಡ ಕಟ್ಟಿ ಭೂಗತರಾದರು. ಅವರ ಕಣ್ಣು ನೆಟ್ಟದ್ದು ಹಳ್ಳಿಯ ಚಾವಡಿಗಳ ಮೇಲೆ. ರೈತನಿಂದ ಕಂದಾಯ ವಸೂಲಾಗುತ್ತಿದ್ದದ್ದು ಅಲ್ಲಿಯೇ. ದೂರದ ಲಂಡನ್ನಿನ ಆಳ್ವಿಕೆ ಹಳ್ಳಿಯವನ ಕಣ್ಣಿಗೆ ಕಾಣುತ್ತಿದ್ದದ್ದು ಆ ಕಟ್ಟೆಯ ಮೇಲೆ, ಆ ಲೆಕ್ಕದ ಪುಸ್ತಕದಲ್ಲಿ.

1943ರ ಏಪ್ರಿಲ್ 1. ವರದಾ ನದಿಯ ದಂಡೆಯ ಹೊಸರಿತ್ತಿ. ಅಲ್ಲಿನ ವೀರಭದ್ರ ದೇವರ ಗುಡಿಯಲ್ಲಿ ಸರ್ಕಾರ ಕಂದಾಯದ ಹಣ ಇಟ್ಟು, ಪೊಲೀಸ್ ಕಾವಲು ಹಾಕಿತ್ತು. ಆ ಹಣ ವಶಪಡಿಸಿಕೊಳ್ಳಲು ಮಹಾದೇವಪ್ಪನವರ ತಂಡ ನುಗ್ಗಿತು. ಕಾವಲಿನವರ ಗುಂಡು ಹಾರಿತು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ, ಮೂವರೂ ಪ್ರಾಣ ತೆತ್ತರು. ಮಹಾದೇವಪ್ಪನವರಿಗೆ ಆಗಿನ್ನೂ 32 ತುಂಬಿರಲಿಲ್ಲ.

ಸತ್ಯಾಗ್ರಹಿ ಕ್ರಾಂತಿಕಾರಿಯಾದದ್ದು ಹೇಗೆ ಎಂದು ಕೆಲವರು ಕೇಳುತ್ತಾರೆ. ನನಗೆ ಅಲ್ಲಿ ಎರಡು ಬದುಕು ಕಾಣುವುದಿಲ್ಲ. ಮೊದಲು ಉಪ್ಪಿನ ತೆರಿಗೆ, ಆಮೇಲೆ ಹೊಲದ ಕಂದಾಯ. ಬಡವನ ಬೆವರಿಗೆ ಪರರಾಜ್ಯ ಹೇರಿದ ಲೆಕ್ಕವನ್ನು ಅವರು ಎರಡೂ ಕಡೆ ಎದುರಿಸಿದರು. ಹಿಡಿದ ಬಗೆ ಬೇರೆ, ಹಟ ಒಂದೇ.

ಹಾವೇರಿಯ ರೈಲು ನಿಲ್ದಾಣಕ್ಕೆ ಈಗ ಅವರ ಹೆಸರಿದೆ. 2018ರಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ತಂದಿತು. ಇಷ್ಟಾದರೂ ದಂಡಿಯ ಪಾಠ ನಮ್ಮ ಮಕ್ಕಳಿಗೆ ಗುಜರಾತಿನ ಕತೆಯಾಗಿಯೇ ಉಳಿದಿದೆ. ಮುಂದಿನ ಸಲ ಮನೆಯ ಮಗು ಆ ಪುಟ ತೆರೆದಾಗ ಪಕ್ಕದಲ್ಲಿ ಕುಳಿತು ಒಂದು ಸಾಲು ಬರೆಸಿ: ಮಹಾದೇವ ಮಾರ್ತಾಂಡ, 18, ಮೋಟೆಬೆನ್ನೂರು.